ಯೂಸ್ಕಾರ್ಪಿಯಸ್: ಯೂರೋಪಿನ ಕಿರುಚೇಳುಗಳು

ದಕ್ಷಿಣ ಯೂರೋಪ್, ಆಲ್ಪ್ಸ್ ಮತ್ತು ಬಾಲ್ಕನ್ ಪರ್ವತಗಳಿಂದ ಟರ್ಕಿ, ಕಾಕಸಸ್‌ವರೆಗೆ ಹಬ್ಬಿರುವ ಸಣ್ಣ ಚೇಳುಗಳ ಕುಲ. ಬಹುಪಾಲು ಪ್ರಭೇದಗಳ ಉದ್ದ 2ರಿಂದ 5 ಸೆಂ.ಮೀ. ಮೈಬಣ್ಣ ಕಂದು ಇಲ್ಲವೇ ಕಪ್ಪು, ಇಕ್ಕಳ ದಪ್ಪ, ಬಾಲ ಸಪೂರ. ಬೇಟೆಯನ್ನು ಇಕ್ಕಳದಿಂದಲೇ ಹಿಡಿದು ಜಜ್ಜುವುದರಿಂದ ಕೊಂಡಿಯ ಬಳಕೆ ವಿರಳ. ನಮ್ಮಲ್ಲಿಯ ಕೆಂಪು ಚೇಳಿನ ಹಾಗೆ ಜೀವಕ್ಕೆ ಎರವಾಗುವ ವಿಷ ಇವುಗಳಿಗಿಲ್ಲ. ಕುಟುಕಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಉರಿಯುತ್ತದೆ, ಅಷ್ಟೆ.

ಚೇಳೆಂದರೆ ಮರುಭೂಮಿಯ ಜೀವಿ ಎಂಬ ಕಲ್ಪನೆ ಈ ಕುಲಕ್ಕೆ ಹೊಂದುವುದಿಲ್ಲ. ಇವುಗಳಿಗೆ ಬೇಕಾದದ್ದು ತೇವ ಮತ್ತು ಇಕ್ಕಟ್ಟು. ಕಾಡಿನಲ್ಲಿ ಮರದ ತೊಗಟೆಯ ಅಡಿ, ತರಗೆಲೆಯ ಹಾಸು, ಬಂಡೆಯ ಬಿರುಕು. ಊರಿನಲ್ಲಿ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಯ ಸಂದು, ನೆಲಮಾಳಿಗೆ. ಆಲ್ಪ್ಸ್‌ನಲ್ಲಿ 2,000 ಮೀಟರಿಗೂ ಎತ್ತರದಲ್ಲಿ ಈ ಬಳಗದ ಚೇಳುಗಳು ಸಿಕ್ಕಿವೆ. ರಾತ್ರಿ ಸಂದಿನ ಬಾಯಿಗೆ ಬಂದು ಇಕ್ಕಳ ಚಾಚಿ ಕೂರುತ್ತವೆ, ಹತ್ತಿರ ಸುಳಿದ ಹುಳುವನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ಬೇಟೆ ಹುಡುಕಿ ಅಲೆಯುವುದು ಕಡಿಮೆ. ಅಲ್ಪ ಆಹಾರದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಕೂತಲ್ಲೇ ಬಾಳುವ ಈ ಸ್ವಭಾವವನ್ನು ಗಮನಿಸದೆ ಇವುಗಳ ಇತಿಹಾಸ ಅರ್ಥವಾಗದು.

ಮನೆಗೋಡೆಯಲ್ಲೇ ಇದ್ದುದರಿಂದ ಇಟಲಿಯ ಜನರಿಗೆ ಈ ಚೇಳುಗಳ ಪರಿಚಯ ಹಳೆಯದು. ಚೇಳುಗಳನ್ನು ಆಲಿವ್ ಎಣ್ಣೆಯಲ್ಲಿ ಹಾಕಿ ತಯಾರಿಸಿದ ತೈಲ ವಿಷಕ್ಕೆ ಮದ್ದೆಂದು ಪ್ರಸಿದ್ಧವಾಗಿತ್ತು. 16ನೆಯ ಶತಮಾನದ ವೈದ್ಯ ಪಿಯೆತ್ರೋ ಆಂದ್ರೇಯಾ ಮತ್ತಿಯೋಲಿಯ ಪಾಕವಿಧಾನಕ್ಕೆ ವಿಶೇಷ ಮನ್ನಣೆ ಸಿಕ್ಕಿತ್ತು. ಎರಡು ಇಟ್ಟಿಗೆಗಳ ನಡುವೆ ಬೇಸಿಲ್ ಸೊಪ್ಪನ್ನು ಜಜ್ಜಿ ಇಟ್ಟರೆ ಚೇಳು ಹುಟ್ಟುತ್ತದೆ ಎಂದು ವಾನ್ ಹೆಲ್ಮಾಂಟ್‌ನಂಥ ವಿದ್ವಾಂಸನೂ ಬರೆದಿದ್ದ. ತೇವದ ಇಟ್ಟಿಗೆಯಡಿ ಚೇಳು ಬಂದು ಸೇರುವುದು ಸಹಜವಾದ್ದರಿಂದ ಈ ನಂಬಿಕೆಗೆ ಕಣ್ಣಿನ ಸಾಕ್ಷ್ಯವೂ ದೊರಕುತ್ತಿತ್ತು. ಇದಕ್ಕೆ ಬಲವಾದ ಪೆಟ್ಟು ಕೊಟ್ಟವನು ಫ್ರಾಂಚೆಸ್ಕೋ ರೇದಿ. ಕೀಟಗಳ ಹುಟ್ಟಿನ ಬಗೆಗಿನ 1668ರ ಗ್ರಂಥದಲ್ಲಿ ಆತ ಹೆಣ್ಣು ಚೇಳುಗಳನ್ನು ಇಟ್ಟುಕೊಂಡು ನೋಡಿ, ಅವು ಜೀವಂತ ಮರಿಗಳನ್ನೇ ಹೆರುತ್ತವೆ ಎಂದು ದಾಖಲಿಸಿದ. ಮರಿಗಳು ಮೊದಲ ಸಲ ಪೊರೆ ಕಳಚುವವರೆಗೆ ತಾಯಿಯ ಬೆನ್ನೇರಿ ಇರುತ್ತವೆ. ಮಾಂಸದ ಹುಳು ನೊಣದಿಂದಲೇ ಬರುತ್ತದೆಂದು ತೋರಿಸಿದ ಪ್ರಯೋಗಕ್ಕಾಗಿ ಮಾತ್ರ ರೇದಿಯನ್ನು ನೆನೆಯುವುದು ವಾಡಿಕೆ. ಚೇಳಿನ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಲಿನೇಯಸ್ 1767ರಲ್ಲಿ ಈ ಬಳಗದ ಒಂದು ಪ್ರಭೇದಕ್ಕೆ ಕಾರ್ಪಾಥಿಕಸ್ ಎಂಬ ಹೆಸರು ಕೊಟ್ಟ. ಹರ್ಬ್ಸ್ಟ್ 1800ರಲ್ಲಿ ಇಟಾಲಿಕಸ್ ಪ್ರಭೇದವನ್ನೂ ಕಾಕ್ 1837ರಲ್ಲಿ ಜರ್ಮಾನಸ್ ಮೊದಲಾದವನ್ನೂ ಹೆಸರಿಸಿದರು. ಯೂಸ್ಕಾರ್ಪಿಯಸ್ ಎಂಬ ಕುಲನಾಮ ಸ್ವೀಡನ್ನಿನ ಥೋರೆಲ್ 1876ರಲ್ಲಿ ಕೊಟ್ಟದ್ದು.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಶೀರ್ನೆಸ್ ಬಂದರಿನದು ಬೇರೆಯೇ ಕಥೆ. 1778ರಲ್ಲಿ ಡಿ ಗೇರ್ ಹೆಸರಿಸಿದ ಹಳದಿ ಬಾಲದ ಫ್ಲಾವಿಕಾಡಿಸ್ ಚೇಳು ಅಲ್ಲಿಯ ಹಡಗುಕಟ್ಟೆಯ ಗೋಡೆಗಳಲ್ಲಿ ನೆಲೆಸಿದೆ. ಅಲ್ಲಿಂದ ಹಿಡಿದ ಮಾದರಿಗಳ ದಾಖಲೆ 1870ರಷ್ಟು ಹಿಂದಿನದು. ಇಟಲಿಯಿಂದ ಕಲ್ಲು ಹೊತ್ತ ಹಡಗುಗಳಲ್ಲಿ ಬಂದಿರಬೇಕೆಂಬುದು ರೂಢಿಯಲ್ಲಿರುವ ವಿವರಣೆ. ಬಿಸಿಲು ಬೀಳುವ ಹಳೆಯ ಗೋಡೆಯ ಬಿರುಕೊಂದೇ ಈ ಚೇಳಿಗೆ ಅಷ್ಟು ಉತ್ತರದಲ್ಲೂ ಸಾಕಾಯಿತು. ಚೇಳುಗಳ ಮೈ ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುವುದರಿಂದ ರಾತ್ರಿ ದೀಪ ಹಿಡಿದು ಇವುಗಳನ್ನು ಎಣಿಸುವುದು ಸುಲಭ. ಈ ಪ್ರಭೇದವನ್ನು ಇತ್ತೀಚೆಗೆ ಟೆಟ್ರಾಟ್ರೈಕೋಬೋಥ್ರಿಯಸ್ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಲಾಗಿದೆ.

ಇಷ್ಟೆಲ್ಲ ಹೆಸರುಗಳು ಬಂದರೂ, ಕುಲದಲ್ಲಿ ಎಷ್ಟು ಪ್ರಭೇದಗಳಿವೆ ಎಂಬ ವರ್ಗೀಕರಣದ ತೊಡಕು 20ನೆಯ ಶತಮಾನವಿಡೀ ಬಗೆಹರಿಯಲಿಲ್ಲ. ಇಟಲಿಯ ಪ್ರಾಣಿಶಾಸ್ತ್ರಜ್ಞ ಕಾಪೊರಿಯಾಕೊ 1950ರಲ್ಲಿ ಹಲವಾರು ಉಪಪ್ರಭೇದಗಳನ್ನು ಗುರುತಿಸಿ ಕೆಲವಕ್ಕೆ ಆಲ್ಫಾ, ಗಾಮಾ ಎಂದು ಗ್ರೀಕ್ ಅಕ್ಷರಗಳನ್ನೇ ಹೆಸರಾಗಿಟ್ಟ. ಅನಂತರದವರು ಅವುಗಳಲ್ಲಿ ಬಹುಪಾಲನ್ನು ಬದಿಗಿಟ್ಟು, ಬೆರಳೆಣಿಕೆಯ ಪ್ರಭೇದಗಳಷ್ಟೇ ಇವೆ ಎಂದರು. ಇಕ್ಕಳದ ಮೇಲಿನ ಸೂಕ್ಷ್ಮ ಸ್ಪರ್ಶರೋಮಗಳ ಎಣಿಕೆ ಮುಖ್ಯ ಗುರುತಾಗಿತ್ತು. ಶತಮಾನದ ಕೊನೆಗೆ ವಿಕ್ಟರ್ ಫೆಟ್, ಬೆಂಜಮಿನ್ ಗಾಂಟೆನ್‌ಬೈನ್ ಮತ್ತು ಸಂಗಡಿಗರು ಡಿಎನ್‌ಎ ಹೋಲಿಸಿ ನೋಡಿದಾಗ ಕಾಪೊರಿಯಾಕೊನ ಹಲವು ವಿಂಗಡಣೆಗಳು ನಿಜವೆಂದು ತೋರಿತು. ಬೆಟ್ಟ ಬಿಟ್ಟು ಬೆಟ್ಟಕ್ಕೆ ಹೋಗದ ಜೀವಿಗಳು ಕಣಿವೆಗಳ ಆಚೀಚೆ ದೀರ್ಘಕಾಲ ಬೇರೆಬೇರೆಯಾಗಿಯೇ ವಿಕಾಸಗೊಂಡಿದ್ದವು. ಸ್ಪೇನಿನ ದ್ವೀಪಗಳಿಂದ ಗ್ರೀಸಿನವರೆಗಿನ ಚೇಳುಗಳಿಗೆಲ್ಲ ಅಂಟಿಸಿದ್ದ ಕಾರ್ಪಾಥಿಕಸ್ ಹೆಸರು ಈಗ ರೊಮೇನಿಯದ ಕಾರ್ಪೇಥಿಯನ್ ಬೆಟ್ಟಗಳ ಚೇಳಿಗಷ್ಟೇ ಸಲ್ಲುತ್ತದೆ. ಕುಲದ ಪ್ರಭೇದಗಳ ಸಂಖ್ಯೆ 60 ದಾಟಿದೆ. ಬಾಲ್ಕನ್ ಮತ್ತು ಟರ್ಕಿಯಿಂದ ಈ ಶತಮಾನದಲ್ಲೂ ಹೊಸ ಪ್ರಭೇದಗಳು ವರದಿಯಾಗಿವೆ.