ಉಮದಿಯಿಂದ ಇಂಚಗೇರಿಗೆ

ನಮ್ಮ ಜತ್ತ ತಾಲೂಕಿನ ಉಮದಿಯಲ್ಲಿ 1843ರಲ್ಲಿ ಜನಿಸಿದ ಭಾವೂಸಾಹೇಬ ಮಹಾರಾಜರು ದೇಶಪಾಂಡೆ ಮನೆತನದ ಬ್ರಾಹ್ಮಣರು. ಅವರ ಗುರುಗಳಾದ ನಿಂಬರಗಿಯ ಮಹಾರಾಜರು ಲಿಂಗಾಯತರು. ಪಂಕ್ತಿಭೇದವೇ ಧರ್ಮವೆನಿಸಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಮಾತೇ? ನಾಮಸ್ಮರಣೆಗೆ ಪುರೋಹಿತನೂ ಬೇಡ, ಗರ್ಭಗುಡಿಯೂ ಬೇಡ. ಆದರೂ 1885ರಲ್ಲಿ ಇಂಚಗೇರಿಯಲ್ಲಿ ಮಠವೆದ್ದಿತು. ಕೂಡಿ ಭಜಿಸುವವರಿಗೆ ನೆರಳು ಬೇಕಷ್ಟೆ. ನೆರಳಿನೊಡನೆ ಕಟ್ಟಳೆಯೂ ಬಂದಿತು.

ಭಾವೂಸಾಹೇಬರು 1914ರಲ್ಲಿ ದೇಹವಿಟ್ಟರು. ಅವರ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು 1920ರ ಸುಮಾರಿಗೆ ಧ್ಯಾನವನ್ನೂ ದಾಟಿ ವಿಚಾರಮಾರ್ಗ ಹಿಡಿಯಹೊರಟಾಗ ಗುರುಬಂಧುಗಳೇ ಒಪ್ಪಲಿಲ್ಲ. ಅವರು ಒಬ್ಬರೇ ಮುನ್ನಡೆದು, ಆ ದಾರಿಯನ್ನು ವಿಹಂಗಮ, ಎಂದರೆ ಹಕ್ಕಿಯ ದಾರಿ, ಎಂದು ಕರೆದರು. ಗುರುಬಂಧುಗಳನ್ನು ನಾವು ಹಳಿಯಲಾರೆವು; ಗುರುವಚನವನ್ನು ಕಾಯುವ ಭಾರ ಅವರ ಮೇಲಿತ್ತು. ಆದರೆ ಉಮದಿಯ ದೇಶಪಾಂಡೆಯವರೂ ಮೊದಲು ತಮ್ಮವರ ಕಟ್ಟಳೆಯನ್ನು ದಾಟಿಯೇ ಗುರುವನ್ನು ಕಂಡವರಲ್ಲವೇ?