ಹಾಟ್ ರಾಡ್ ಪತ್ರಿಕೋದ್ಯಮ

ಹಾಟ್ ರಾಡ್ ಪತ್ರಿಕೋದ್ಯಮವು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಬರವಣಿಗೆ ಹಾಗೂ ಛಾಯಾಗ್ರಹಣದ ಒಂದು ಪ್ರಕಾರ. ಹಳೆಯ ಕಾರೊಂದನ್ನು ಅಗ್ಗವಾಗಿ ಕೊಂಡು, ಅನಾವಶ್ಯಕ ಭಾಗಗಳನ್ನು ಕಳಚಿ, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ ವೇಗಕ್ಕೆ ಅಣಿಗೊಳಿಸಿದ ವಾಹನವೇ ಹಾಟ್ ರಾಡ್. 1932ರಲ್ಲಿ ಫೋರ್ಡ್ ಕಂಪನಿಯು ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ವಿ-8 ಎಂಜಿನ್ನಿನ ಕಾರನ್ನು ಹೊರತಂದದ್ದು ಈ ಹವ್ಯಾಸಕ್ಕೆ ಇಂಬು ನೀಡಿತು.

ಹಿನ್ನೆಲೆ

ಮುರಾಕ್, ಎಲ್ ಮಿರಾಜ್ ಮುಂತಾದ ಒಣಸರೋವರಗಳ ಸಮತಟ್ಟಾದ ನೆಲದಲ್ಲಿ ಯುವಕರು ತಮ್ಮ ಕಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. ಈ ಸ್ಪರ್ಧೆಗಳಿಗೆ ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪರ್ಧೆಗಳು ನಿಂತು, ಸ್ಪರ್ಧಿಗಳಲ್ಲಿ ಬಹಳಷ್ಟು ಮಂದಿ ಸೈನ್ಯ ಸೇರಿದಾಗ, ಸ್ವತಃ ಸ್ಪರ್ಧಿಯಾಗಿದ್ದ ವೀಡಾ ಆರ್ ಎಂಬ ಮಹಿಳೆ ಸುದ್ದಿಪತ್ರವೊಂದನ್ನು ಸಿದ್ಧಪಡಿಸಿ ಸೈನಿಕರಿಗೆ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ದೂರದ ರಣರಂಗಗಳಲ್ಲಿದ್ದ ಗೆಳೆಯರನ್ನು ಒಂದು ಬಳಗವಾಗಿ ಹಿಡಿದಿಟ್ಟದ್ದು ಈ ಪುಟ್ಟ ಪತ್ರ. ಯುದ್ಧಾನಂತರ ಅವರು ಒಣಸರೋವರದ ಕಾರುಗಳ ಚಿತ್ರಸಂಪುಟವನ್ನೂ ಪ್ರಕಟಿಸಿದರು. ಪುರುಷರ ಲೋಕವೆಂದೇ ಬಗೆಯಲಾದ ಈ ಕ್ಷೇತ್ರದ ಆರಂಭದ ದಾಖಲೆಕಾರರಲ್ಲಿ ಒಬ್ಬರು ಮಹಿಳೆಯೆಂಬುದು ಗಮನಾರ್ಹ.

ಹಾಟ್ ರಾಡ್ ಪತ್ರಿಕೆ

ಯುದ್ಧ ಮುಗಿದ ಮೇಲೆ ಸಾರ್ವಜನಿಕ ರಸ್ತೆಗಳಲ್ಲಿ ಪಂದ್ಯಗಳೂ ಅಪಘಾತಗಳೂ ಸಂಭವಿಸಿ, 'ಹಾಟ್ ರಾಡ್' ಎಂಬುದು ದಿನಪತ್ರಿಕೆಗಳಲ್ಲಿ ಪುಂಡರ ಹೆಸರಿನಂತಾಯಿತು. ಈ ಅಪಕೀರ್ತಿಯನ್ನು ತೊಡೆಯಲು 1948ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಪ್ರದರ್ಶನವೊಂದು ಏರ್ಪಟ್ಟಿತು. ಅದೇ ಸಂದರ್ಭದಲ್ಲಿ ರಾಬರ್ಟ್ ಇ. ಪೀಟರ್ಸನ್ ಹಾಗೂ ರಾಬರ್ಟ್ ಲಿಂಡ್ಸೆ 'ಹಾಟ್ ರಾಡ್' ಪತ್ರಿಕೆಯ ಮೊದಲ ಸಂಚಿಕೆಯನ್ನು 25 ಸೆಂಟ್‌ಗಳ ಬೆಲೆಗೆ ಮಾರಿದರು.

ಮರುವರ್ಷ ಸಂಪಾದಕರಾದ ವಾಲಿ ಪಾರ್ಕ್ಸ್ ಸುರಕ್ಷತೆಯನ್ನೇ ಪತ್ರಿಕೆಯ ಧ್ಯೇಯವಾಗಿಸಿದರು. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದವರೂ ಅವರೇ. ಸಂಪಾದಕನೇ ಸಂಘದ ಮುಖ್ಯಸ್ಥನೂ ಆಗಿದ್ದುದರಿಂದ ಇದನ್ನು ನಿಷ್ಪಕ್ಷಪಾತ ಪತ್ರಿಕೋದ್ಯಮವೆನ್ನುವುದು ಕಷ್ಟ. ಆದರೆ ಯುವಕರನ್ನು ರಸ್ತೆಯಿಂದ ನಿಯಂತ್ರಿತ ಪಂದ್ಯಪಥಕ್ಕೆ ಕರೆತರುವಲ್ಲಿ ಅದರ ಪಾತ್ರ ದೊಡ್ಡದು. 1954ರಲ್ಲಿ ಸಂಘದ ನಾಲ್ವರ ತಂಡವು ಊರೂರು ಸುತ್ತಿ ಪಂದ್ಯಗಳನ್ನು ಸುರಕ್ಷಿತವಾಗಿ ನಡೆಸುವ ಬಗೆಯನ್ನು ತೋರಿಸಿಕೊಟ್ಟಾಗ ಛಾಯಾಗ್ರಾಹಕ ಎರಿಕ್ ರಿಕ್‌ಮನ್ ಅದರಲ್ಲಿದ್ದರು. ಟಾಮ್ ಮೆಡ್ಲಿ ಸೃಷ್ಟಿಸಿದ ಸ್ಟ್ರೋಕರ್ ಮೆಗರ್ಕ್ ಎಂಬ ವ್ಯಂಗ್ಯಚಿತ್ರದ ಪಾತ್ರ ಓದುಗರ ಅಚ್ಚುಮೆಚ್ಚಿನದಾಗಿತ್ತು. ರೆಕ್ಸ್ ಬರ್ನೆಟ್ ಕಾರಿನ ಒಳರಚನೆಯನ್ನು ಸೀಳಿ ತೋರಿಸುವ ರೇಖಾಚಿತ್ರಗಳನ್ನು ಬರೆದರು. ಮನೆಯ ಗ್ಯಾರೇಜಿನಲ್ಲಿ ಒಬ್ಬನೇ ದುಡಿಯುವ ಹುಡುಗನಿಗೆ ಇಂತಹ ಚಿತ್ರಗಳೂ ತಾಂತ್ರಿಕ ಲೇಖನಗಳೂ ಪಠ್ಯಪುಸ್ತಕಗಳಾದವು.

ಸಾಹಿತ್ಯದಲ್ಲಿ

ಹೆನ್ರಿ ಗ್ರೆಗರ್ ಫೆಲ್ಸನ್ ಅವರ 'ಹಾಟ್ ರಾಡ್' ಕಾದಂಬರಿ 1950ರಲ್ಲಿ ಪ್ರಕಟವಾಯಿತು. ಹೊರಗಿನವರ ಬರಹಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಟಾಮ್ ವುಲ್ಫ್ 1963ರಲ್ಲಿ 'ಎಸ್ಕ್ವೈರ್' ಪತ್ರಿಕೆಗೆ ಬರೆದ ಲೇಖನ. ಜಾರ್ಜ್ ಬ್ಯಾರಿಸ್, ಎಡ್ ರಾತ್ ಮೊದಲಾದ ಕಾರು ವಿನ್ಯಾಸಕಾರರನ್ನು ಕಂಡು ಬಂದ ವುಲ್ಫ್‌ಗೆ ಲೇಖನ ಕೈಗೂಡಲಿಲ್ಲ. ಕೊನೆಗೆ ಟಿಪ್ಪಣಿಗಳನ್ನೇ ಪತ್ರರೂಪದಲ್ಲಿ ಬೆರಳಚ್ಚು ಮಾಡಿ ಸಂಪಾದಕ ಬೈರನ್ ಡೊಬೆಲ್‌ರಿಗೆ ಕೊಟ್ಟರು. ಡೊಬೆಲ್ ಸಂಬೋಧನೆಯನ್ನು ತೆಗೆದು ಉಳಿದುದನ್ನು ಅಚ್ಚಿಗೆ ಕಳುಹಿಸಿದರು. ಬ್ಯಾರಿಸ್ ಮತ್ತು ರಾತ್‌ರನ್ನು ಕಲಾವಿದರೆಂದೇ ಪರಿಗಣಿಸಿದ ಈ ಬರಹ 'ನವ ಪತ್ರಿಕೋದ್ಯಮ'ದ ಆರಂಭದ ಕೃತಿಗಳಲ್ಲಿ ಒಂದೆನಿಸಿದೆ.

ಇತ್ತೀಚಿನ ಸ್ಥಿತಿ

1953ರಲ್ಲಿ ಆರಂಭವಾದ 'ರಾಡ್ ಅಂಡ್ ಕಸ್ಟಮ್' 2014ರಲ್ಲಿ ನಿಂತಿತು. 2019ರ ಕೊನೆಯಲ್ಲಿ 'ಹಾಟ್ ರಾಡ್'ನ ಪ್ರಕಾಶಕ ಸಂಸ್ಥೆಯು ತನ್ನ 22 ಮುದ್ರಿತ ಪತ್ರಿಕೆಗಳಲ್ಲಿ 19ನ್ನು ನಿಲ್ಲಿಸಿತು. 'ಕಾರ್ ಕ್ರಾಫ್ಟ್' ಅವುಗಳಲ್ಲೊಂದು. 'ಹಾಟ್ ರಾಡ್' ಉಳಿದುಕೊಂಡಿತು. ಹಳೆಯ ಕಾರುಗಳನ್ನು ಮೂಲರೂಪಕ್ಕೆ ತರುವವರು ಇಂದಿಗೂ ರಿಕ್‌ಮನ್‌ರಂತಹವರು ತೆಗೆದ ಕಪ್ಪುಬಿಳುಪು ಚಿತ್ರಗಳನ್ನು ಮುಂದಿಟ್ಟುಕೊಂಡು ಬಿಡಿಭಾಗಗಳನ್ನು ಗುರುತಿಸುತ್ತಾರೆ.