ಇಂಡಿಯಾನಾಪೊಲಿಸ್ ಸ್ಪೀಡ್‌ವೇ: ಟ್ರ್ಯಾಕ್ ಯಾರದ್ದೋ ಆಟವೂ ಅವರದ್ದೇ

2025ರ ಮೇ ತಿಂಗಳು. ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿಗೆ ಅರ್ಹತಾ ಸುತ್ತು ನಡೀತಿತ್ತು. ಟೀಮ್ ಪೆನ್ಸ್ಕೆಯ ಎರಡು ಕಾರುಗಳ ಹಿಂಭಾಗದಲ್ಲಿ, ಡಿಕ್ಕಿಯಾದಾಗ ಹೊಡೆತ ಹೀರಿಕೊಳ್ಳೋಕೆ ಅಂತ ಇರುವ ಭಾಗವನ್ನು ನಿಯಮ ಮೀರಿ ಮಾರ್ಪಡಿಸಿರೋದು ಪತ್ತೆಯಾಯ್ತು. ಅವುಗಳಲ್ಲಿ ಒಂದು, ಹಿಂದಿನ ಎರಡೂ ವರ್ಷ ಗೆದ್ದಿದ್ದ ಜೋಸೆಫ್ ನ್ಯೂಗಾರ್ಡನ್ ಕಾರು. ಎರಡನ್ನೂ ಕೊನೆಯ ಸಾಲಿಗೆ ತಳ್ಳಿದರು. ತಂಡದ ಮೂವರು ಹಿರಿಯರು ಕೆಲಸ ಕಳೆದುಕೊಂಡರು.

ಇಷ್ಟೇ ಆಗಿದ್ದರೆ ಕ್ರೀಡಾ ಪುಟದ ಒಂದು ಸುದ್ದಿ. ಆದರೆ ತಂಡದ ಮಾಲೀಕ ರೋಜರ್ ಪೆನ್ಸ್ಕೆ. ರೇಸ್ ನಡೆಯುವ ಟ್ರ್ಯಾಕ್ ಅವರದ್ದು. ಆ ರೇಸ್ ಸೇರಿರುವ ಇಂಡಿಕಾರ್ ಸರಣಿಯೂ ಅವರದ್ದೇ. ಹೀಗಾಗಿ ಅವರ ತಂಡದ ತಪ್ಪು ಹಿಡಿದ ತಪಾಸಕರಿಗೆ ಸಂಬಳ ಕೊಡುತ್ತಿದ್ದದ್ದೂ ಅವರದೇ ಕಂಪನಿ. ಪೆನ್ಸ್ಕೆಗೆ ಆ ಮಾರ್ಪಾಡು ಗೊತ್ತಿತ್ತು ಅಂತ ಯಾರೂ ಸಾಬೀತು ಮಾಡಿಲ್ಲ. ಅದು ಬೇರೆ ಮಾತು. ಅಂಗಳ, ತಂಡ, ಅಂಪೈರ್ ಮೂರೂ ಒಂದೇ ಮನೆಗೆ ಸೇರಿದ್ದು ಹೇಗೆ? ಉತ್ತರ 1909ರಿಂದ ಶುರುವಾಗುತ್ತೆ.

ಇಟ್ಟಿಗೆಯ ಅಂಗಳ

ಮೊದಲು ಎರಡು ಪದ. ‘ಓಪನ್ ವೀಲ್’ ಅಂದ್ರೆ ಚಕ್ರಗಳ ಮೇಲೆ ಮಡ್ಗಾರ್ಡ್ ಇಲ್ಲದ, ನಾಲ್ಕೂ ಚಕ್ರ ಬಾಡಿಯಿಂದ ಹೊರಗೆ ಚಾಚಿಕೊಂಡಿರುವ ಕಾರು. ಫಾರ್ಮುಲಾ ಒನ್ ಕಾರನ್ನು ನೆನಪಿಸಿಕೊಳ್ಳಿ. ‘ಓವಲ್’ ಅಂದ್ರೆ ಸುತ್ತುಗಟ್ಟಿದ ಟ್ರ್ಯಾಕ್. ಅಮೆರಿಕದಲ್ಲಿ ಅಲ್ಲಿ ಎಲ್ಲ ತಿರುವೂ ಎಡಕ್ಕೇ. ನೋಡೋಕೆ ಸುಲಭ. ಆದರೆ ಒಂದು ಕಾರಿನ ಚಕ್ರ ಇನ್ನೊಂದರ ಚಕ್ರಕ್ಕೆ ತಾಗಿದರೆ ಹಿಂದಿನ ಕಾರು ಏಣಿ ಹತ್ತಿದ ಹಾಗೆ ಗಾಳಿಗೆ ಹಾರಬಹುದು. ಸುತ್ತ ಗೋಡೆ. ವೇಗ ಎಷ್ಟು ಅಂತೀರಾ? 1996ರಲ್ಲಿ ಆರಿ ಲೈಂಡೈಕ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ ಸುಮಾರು 382 ಕಿ.ಮೀ. ಮುಟ್ಟಿದರು. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

1909ರಲ್ಲಿ ಇಂಡಿಯಾನಾಪೊಲಿಸ್ ಕಾರು ತಯಾರಿಕೆಯ ದೊಡ್ಡ ಊರುಗಳಲ್ಲಿ ಒಂದು. ಕಾರ್ಲ್ ಫಿಶರ್ ಮತ್ತು ಮೂವರು ಪಾಲುದಾರರು, ಎಲ್ಲರೂ ವಾಹನ ಉದ್ಯಮದವರೇ, ಊರಾಚೆಯ ಹೊಲ ಕೊಂಡು ಕಾರು ಪರೀಕ್ಷಿಸೋಕೆ 4 ಕಿ.ಮೀ. ಸುತ್ತಳತೆಯ ಟ್ರ್ಯಾಕ್ ಕಟ್ಟಿದರು. ಜಲ್ಲಿ, ಟಾರು ಹಾಕಿದ್ದ ಆ ಮೇಲ್ಮೈ ಆಗಸ್ಟ್‌ನ ಮೊದಲ ಕಾರು ರೇಸ್‌ಗಳಲ್ಲೇ ಕಿತ್ತುಬಂತು. ಮೂರು ದಿನದಲ್ಲಿ ಐವರು ಸತ್ತರು. ಅವರಲ್ಲಿ ಇಬ್ಬರು ಪ್ರೇಕ್ಷಕರು. ಮಾಲೀಕರು ಟ್ರ್ಯಾಕ್ ಮುಚ್ಚಲಿಲ್ಲ. ಅದೇ ವರ್ಷ ಸುಮಾರು 32 ಲಕ್ಷ ಇಟ್ಟಿಗೆ ಹಾಸಿಸಿದರು. ಇವತ್ತು ಅಂತಿಮ ಗೆರೆಯಲ್ಲಿ ಉಳಿದಿರೋದು ಒಂದು ಗಜದಗಲದ ಇಟ್ಟಿಗೆ ಪಟ್ಟಿ ಮಾತ್ರ. ಗೆದ್ದವರು ಈಗ ಅದಕ್ಕೆ ಮುತ್ತಿಡುತ್ತಾರೆ.

ಫಿಶರ್ ತಂಡಕ್ಕೆ ಇನ್ನೊಂದು ಲೆಕ್ಕಾಚಾರ ಹೊಳೀತು. ವರ್ಷವಿಡೀ ಸಣ್ಣ ಸಣ್ಣ ರೇಸ್ ಮಾಡೋ ಬದಲು ಒಂದೇ ಒಂದು ಭಾರೀ ರೇಸ್, ಭಾರೀ ಬಹುಮಾನ. 1911ರ ಮೇ 30ರಂದು 40 ಕಾರುಗಳು 500 ಮೈಲಿ, ಅಂದರೆ 805 ಕಿ.ಮೀ. ಓಟಕ್ಕೆ ನಿಂತವು. ಆಗ ಕಾರಿನಲ್ಲಿ ಡ್ರೈವರ್ ಪಕ್ಕ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಹಿಂದಿನಿಂದ ಯಾರು ಬರ್ತಿದ್ದಾರೆ ಅಂತ ನೋಡೋದೂ ಅವನ ಕೆಲಸ. ರೇ ಹ್ಯಾರೂನ್ ಒಬ್ಬನೇ ಬಂದ. ಉಳಿದವರು ತಕರಾರು ತೆಗೆದಾಗ ಕಾರಿಗೊಂದು ಕನ್ನಡಿ ಸಿಕ್ಕಿಸಿದ, ಸುಮಾರು ಆರೂಮುಕ್ಕಾಲು ಗಂಟೆಯ ಓಟ ಗೆದ್ದ. ಸರಾಸರಿ ವೇಗ ಗಂಟೆಗೆ 120 ಕಿ.ಮೀ.

ಇಡೀ ಕ್ರೀಡೆಯ ಬೆಲೆ ಒಂದೇ ಜಾಗದಲ್ಲಿ, ಒಂದೇ ದಿನದಲ್ಲಿ ಕೂಡಿಟ್ಟ ಹಾಗೆ ಆಗಿದ್ದು ಅಲ್ಲಿಂದಲೇ. ಉಳಿದ ಓವಲ್‌ಗಳಲ್ಲಿ ಗೆದ್ದರೆ ಹೆಸರು. ಇಲ್ಲಿ ಗೆದ್ದರೆ ಬದುಕು. ಹಾಗಾಗಿ ಇಲ್ಲಿನ ಗೇಟು ಕಾಯುವವರಿಗೆ ಎಲ್ಲಿಲ್ಲದ ಬಲ ಬಂತು.

ಗೇಟಿನ ಹೊರಗೆ ಉಳಿದವರು

ಆ ಕಾಲದಲ್ಲಿ ರೇಸ್‌ಗಳಿಗೆ ಮಾನ್ಯತೆ ಕೊಡುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ (ಎಎಎ) ಕಪ್ಪು ಡ್ರೈವರ್‌ಗಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. 1920ರ ದಶಕದ ಇಂಡಿಯಾನಾ ಅಂದ್ರೆ ಕು ಕ್ಲಕ್ಸ್ ಕ್ಲಾನ್ ಹಿಡಿತದ ರಾಜ್ಯ. 1924ರಲ್ಲಿ ಗವರ್ನರ್ ಆಗಿ ಗೆದ್ದ ಎಡ್ ಜಾಕ್ಸನ್‌ಗೆ ಕ್ಲಾನ್ ಬೆಂಬಲ ಇತ್ತು. ಅದೇ 1924ರಲ್ಲಿ ಅದೇ ಊರಿನ ರಾಜ್ಯ ಮೇಳದ ಮೈದಾನದ ಮಣ್ಣಿನ ಓವಲ್‌ನಲ್ಲಿ ಕಪ್ಪು ಡ್ರೈವರ್‌ಗಳ ‘ಗೋಲ್ಡ್ ಅಂಡ್ ಗ್ಲೋರಿ’ ರೇಸ್ ಶುರುವಾಯ್ತು. ಚಾರ್ಲಿ ವಿಗಿನ್ಸ್ ಅನ್ನೋ ಮೆಕ್ಯಾನಿಕ್ ತಾನೇ ಕಟ್ಟಿದ ಕಾರಿನಲ್ಲಿ ಅದನ್ನು ನಾಲ್ಕು ಸಲ ಗೆದ್ದ. 1936ರ ಅಪಘಾತದಲ್ಲಿ ಕಾಲು ಕಳೆದುಕೊಂಡ. ಆ ರೇಸೂ ಅಲ್ಲಿಗೇ ನಿಂತಿತು. ಇಂಡಿ 500ರಲ್ಲಿ ಮೊದಲ ಕಪ್ಪು ಡ್ರೈವರ್ ವಿಲ್ಲಿ ಟಿ. ರಿಬ್ಸ್ ಓಡಿದ್ದು ಯಾವಾಗ ಗೊತ್ತಾ? 1991ರಲ್ಲಿ.

ಹೆಂಗಸರ ಕಥೆಯೂ ಬೇರೆಯಲ್ಲ. 1971ರವರೆಗೆ ಪಿಟ್, ಗ್ಯಾರೇಜ್‌ಗಳಿಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ, ಪತ್ರಕರ್ತೆಯರಿಗೂ ಸಹ. 1977ರಲ್ಲಿ ಜಾನೆಟ್ ಗಥ್ರಿ ಅರ್ಹತೆ ಪಡೆದಾಗ ಹೊಸ ಪೇಚು. ರೇಸ್ ಶುರುವಾಗೋದು ‘ಮಹನೀಯರೇ, ಎಂಜಿನ್ ಚಾಲೂ ಮಾಡಿ’ ಅನ್ನೋ ಘೋಷಣೆಯಿಂದ. ಅದನ್ನು ಬದಲಿಸಲ್ಲ, ಯಾಕಂದ್ರೆ ಎಂಜಿನ್ ಚಾಲೂ ಮಾಡೋರು ಮೆಕ್ಯಾನಿಕ್‌ಗಳು, ಅವರೆಲ್ಲ ಗಂಡಸರು ಅಂತ ಆಡಳಿತ ವಾದಿಸಿತು. ಗಥ್ರಿ ತಂಡ ಏನು ಮಾಡ್ತು? ಸ್ಟಾರ್ಟರ್ ಹಿಡಿಯೋಕೆ ಕೇ ಬಿಗ್ನೊಟಿ ಅನ್ನೋ ಮಹಿಳೆಯನ್ನೇ ನಿಲ್ಲಿಸಿತು. ಘೋಷಣೆ ಬದಲಾಗಲೇಬೇಕಾಯ್ತು. ಮರುವರ್ಷ ಗಥ್ರಿ ಮುರಿದ ಮಣಿಕಟ್ಟಿನಲ್ಲಿ ಓಡಿಸಿ ಒಂಬತ್ತನೆಯವರಾಗಿ ಮುಗಿಸಿದರು. ಇಂಡಿಕಾರ್ ಸರಣಿಯ ರೇಸೊಂದನ್ನು ಹೆಣ್ಣೊಬ್ಬಳು ಗೆಲ್ಲೋದಕ್ಕೆ 2008 ಬರಬೇಕಾಯ್ತು: ಡ್ಯಾನಿಕಾ ಪ್ಯಾಟ್ರಿಕ್, ಜಪಾನಿನ ಮೊಟೆಗಿ ಓವಲ್‌ನಲ್ಲಿ.

ಎಂಜಿನ್ ವಿಷಯದಲ್ಲಿ ಮಾತ್ರ ಗೇಟು ಬೇಗ ತೆರೀತು. 1961ರಲ್ಲಿ ಜಾಕ್ ಬ್ರಾಬಮ್ ಹಿಂದೆ ಎಂಜಿನ್ ಇರುವ ಪುಟ್ಟ ಕೂಪರ್ ತಂದಾಗ ಸ್ಥಳೀಯರು ನಕ್ಕಿದ್ದರು. 1965ರಲ್ಲಿ ಜಿಮ್ ಕ್ಲಾರ್ಕ್ ಅಂಥದ್ದೇ ಲೋಟಸ್‌ನಲ್ಲಿ ಗೆದ್ದ ಮೇಲೆ ಮುಂದೆ ಎಂಜಿನ್ ಇರುವ ಕಾರುಗಳು ಕೆಲವೇ ವರ್ಷಗಳಲ್ಲಿ ಮಾಯ.

ಮನೆ ಒಡೆದ ಕಥೆ

ಎರಡನೇ ಮಹಾಯುದ್ಧದಲ್ಲಿ ಪಾಳುಬಿದ್ದಿದ್ದ ಟ್ರ್ಯಾಕನ್ನು 1945ರಲ್ಲಿ ಬೇಕಿಂಗ್ ಪೌಡರ್ ವ್ಯಾಪಾರದ ಟೋನಿ ಹಲ್ಮನ್ ಏಳೂವರೆ ಲಕ್ಷ ಡಾಲರ್‌ಗೆ ಕೊಂಡರು. 1955ರ ದುರಂತಗಳ ನಂತರ ಎಎಎ ರೇಸಿಂಗ್‌ನಿಂದ ಹಿಂದೆ ಸರೀತು. ಅದರ ಜಾಗಕ್ಕೆ ಬಂದ ಹೊಸ ಸಂಸ್ಥೆ ಯುಸ್ಯಾಕ್. 1977ರಲ್ಲಿ ಹಲ್ಮನ್ ತೀರಿಕೊಂಡರು. ಮುಂದಿನ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಯುಸ್ಯಾಕ್‌ನ ಎಂಟು ಜನ ಸತ್ತರು. ಅದೇ 1978ರಲ್ಲಿ ಡ್ಯಾನ್ ಗರ್ನಿ ತಂಡಗಳ ಮಾಲೀಕರಿಗೆ ಒಂದು ಪತ್ರ ಬರೆದರು: ಖರ್ಚು ನಮ್ಮದು, ತೀರ್ಮಾನ ಮಾತ್ರ ಬೇರೆಯವರದ್ದು, ಸಂಘಟಿತರಾಗೋಣ ಅನ್ನೋದು ಸಾರಾಂಶ. ಹಾಗೆ ಹುಟ್ಟಿದ್ದು ಕಾರ್ಟ್. ಅದನ್ನು ಕಟ್ಟಿದವರಲ್ಲಿ ಮುಖ್ಯ ಹೆಸರು, ನೆನಪಿಟ್ಟುಕೊಳ್ಳಿ, ರೋಜರ್ ಪೆನ್ಸ್ಕೆ. 1979ರಲ್ಲಿ ಯುಸ್ಯಾಕ್ ಈ ಬಂಡಾಯಗಾರರ ಆರು ತಂಡಗಳಿಗೆ ಇಂಡಿ 500 ಪ್ರವೇಶ ನಿರಾಕರಿಸಿತು. ಅವರು ಕೋರ್ಟಿಗೆ ಹೋಗಿ ಆದೇಶ ತಂದು ಓಡಿದರು.

ಕಾರ್ಟ್ ಬೆಳೀತು. 1993ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ನೈಜಲ್ ಮ್ಯಾನ್ಸೆಲ್ ಬಂದು ಸರಣಿಯನ್ನೇ ಗೆದ್ದರು. ಆದರೆ ಖರ್ಚೂ ಏರಿತ್ತು, ಓವಲ್‌ಗಳಿಗಿಂತ ರಸ್ತೆ ಟ್ರ್ಯಾಕ್‌ಗಳ ಪಾಲು ಹೆಚ್ಚಿತ್ತು. ಮಧ್ಯ ಅಮೆರಿಕದ ಮಣ್ಣಿನ ಓವಲ್‌ಗಳಲ್ಲಿ ಪಳಗಿದ ಹುಡುಗರಿಗೆ ಸೀಟು ಸಿಗ್ತಿರಲಿಲ್ಲ. ಜೆಫ್ ಗಾರ್ಡನ್ ಅಂಥವರು ನ್ಯಾಸ್ಕಾರ್ ಕಡೆ ಹೊರಟುಹೋದರು. ಹಲ್ಮನ್ ಮೊಮ್ಮಗ ಟೋನಿ ಜಾರ್ಜ್ ಈ ದೂರನ್ನೇ ಮುಂದಿಟ್ಟು ಇಂಡಿ ರೇಸಿಂಗ್ ಲೀಗ್ ಘೋಷಿಸಿದರು. ದೂರಿನಲ್ಲಿ ಸತ್ಯ ಇತ್ತು. ಆದರೆ ಅವರು ಹಿಡಿದ ಆಯುಧ ನೋಡಿ: 1996ರ ಇಂಡಿ 500ರ 33 ಜಾಗಗಳಲ್ಲಿ 25 ತನ್ನ ಲೀಗ್‌ನಲ್ಲಿ ಓಡುವವರಿಗೆ ಮೀಸಲು. ಬಡ ಹುಡುಗರ ಹೆಸರು ಹೇಳಿ ಜಾರ್ಜ್ ಬಳಸಿದ್ದು ತಾತ ಬಿಟ್ಟುಹೋದ ಗೇಟಿನ ಕೀಲಿಯನ್ನು.

ಕಾರ್ಟ್ ಬಹಿಷ್ಕಾರ ಹಾಕಿ ಅದೇ ದಿನ ಮಿಷಿಗನ್‌ನಲ್ಲಿ ಪರ್ಯಾಯ ರೇಸ್ ಇಟ್ಟಿತು. ಅನುಭವಿಗಳೆಲ್ಲ ನಮ್ಮ ಕಡೆ ಅಂತ ಬೀಗಿದ್ದ ಕಾರ್ಟ್‌ನ ಕಾರುಗಳು ಹಸಿರು ಬಾವುಟ ಬೀಳೋ ಮೊದಲೇ ಒಂದಕ್ಕೊಂದು ಗುದ್ದಿಕೊಂಡವು. ಇಂಡಿಯಾನಾಪೊಲಿಸ್‌ನಲ್ಲಿ 17 ಜನ ಹೊಸಬರು ಓಡಿದರು, ಬಡ್ಡಿ ಲಾಜಿಯರ್ ಗೆದ್ದರು. ನಮ್ಮಲ್ಲಿ 2007ರಲ್ಲಿ ಐಸಿಎಲ್ ಸೇರಿದ ಕ್ರಿಕೆಟಿಗರ ಮೇಲೆ ಬಿಸಿಸಿಐ ನಿಷೇಧ ಹೇರಿದ್ದು ನೆನಪಾದರೆ, ಈ ಜಗಳದ ವಾಸನೆ ಗುರುತು ಸಿಗುತ್ತೆ.

ಒಳ್ಳೆಯ ಡ್ರೈವರ್‌ಗಳಿಲ್ಲದ ಟ್ರ್ಯಾಕು, ಟ್ರ್ಯಾಕಿಲ್ಲದ ಡ್ರೈವರ್‌ಗಳು: ಇವರಲ್ಲಿ ಗೆದ್ದಿದ್ದು ಟ್ರ್ಯಾಕೇ. 2000ದಲ್ಲಿ ಕಾರ್ಟ್‌ನ ಗನಾಸಿ ತಂಡ ವಾಪಸ್ ಬಂದು ಮೊಂಟೋಯಾ ಮೂಲಕ ಗೆದ್ದಿತು, ಮರುವರ್ಷ ಪೆನ್ಸ್ಕೆ ಬಂದು ಗೆದ್ದರು. ಷೇರು ಮಾರುಕಟ್ಟೆಗೆ ಹೋಗಿದ್ದ ಕಾರ್ಟ್ ಕಂಪನಿ ದಿವಾಳಿಯಾಯ್ತು, ಅದರ ಉಳಿದ ಭಾಗ 2008ರಲ್ಲಿ ಇಂಡಿಕಾರ್‌ನಲ್ಲಿ ಲೀನ. ಅಷ್ಟರಲ್ಲಿ ಪ್ರೇಕ್ಷಕರು ನ್ಯಾಸ್ಕಾರ್ ಪಾಲಾಗಿದ್ದರು. ಖರ್ಚಿನ ಹೊರೆಗೆ ಬೇಸತ್ತ ಕುಟುಂಬ 2009ರಲ್ಲಿ ಜಾರ್ಜ್ ಅವರನ್ನೂ ಪಕ್ಕಕ್ಕೆ ಸರಿಸಿತು.

ಗೋಡೆಯ ಲೆಕ್ಕ

ಈ ಜಗಳದ ಪಕ್ಕದಲ್ಲೇ ಸಾವಿನ ಲೆಕ್ಕವೂ ನಡೀತಿತ್ತು. 1964ರ ಇಂಡಿ ಬೆಂಕಿಯಲ್ಲಿ ಎಡ್ಡಿ ಸ್ಯಾಕ್ಸ್, ಡೇವ್ ಮ್ಯಾಕ್‌ಡೊನಾಲ್ಡ್ ಸತ್ತ ಮೇಲೆ ತಂಡಗಳು ಪೆಟ್ರೋಲ್ ಬಿಟ್ಟು ಮೆಥನಾಲ್‌ಗೆ ಹೊರಳಿದವು. 2001ರಲ್ಲಿ ಟೆಕ್ಸಾಸ್‌ನ ಕಡಿದಾದ ಓವಲ್‌ನಲ್ಲಿ ಡ್ರೈವರ್‌ಗಳ ಮೇಲೆ ಗುರುತ್ವದ ಐದು ಪಟ್ಟು ಒತ್ತಡ ಬಿದ್ದು ತಲೆ ಸುತ್ತಿ ಬಂತು. ಕಾರ್ಟ್ ರೇಸನ್ನೇ ರದ್ದು ಮಾಡಿತು. ಮರುವರ್ಷ ಇಂಡಿಯಾನಾಪೊಲಿಸ್‌ನಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದವರ ‘ಸೇಫರ್’ ತಡೆಗೋಡೆ ಬಂತು: ಕಾಂಕ್ರೀಟ್ ಮುಂದೆ ಉಕ್ಕಿನ ಕೊಳವೆಗಳು, ನಡುವೆ ಫೋಮ್. ಇದಕ್ಕೆ ಹಣ ಹೂಡಿದವರಲ್ಲಿ ಜಾರ್ಜ್ ಅವರ ಲೀಗೂ ಇತ್ತು, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೂ 2011ರಲ್ಲಿ ಲಾಸ್ ವೇಗಸ್‌ನ ಎರಡೂವರೆ ಕಿ.ಮೀ. ಓವಲ್‌ಗೆ 34 ಕಾರು ಬಿಟ್ಟರು. 15 ಕಾರುಗಳ ಅಪಘಾತದಲ್ಲಿ, ಅದೇ ವರ್ಷ ಇಂಡಿ ಗೆದ್ದಿದ್ದ ಡ್ಯಾನ್ ವೆಲ್ಡನ್ ಸತ್ತರು. 2015ರಲ್ಲಿ ಪೊಕೊನೊದಲ್ಲಿ ಬೇರೆ ಕಾರಿನ ತುಂಡು ತಲೆಗೆ ಬಡಿದು ಜಸ್ಟಿನ್ ವಿಲ್ಸನ್. ಡ್ರೈವರ್ ಮುಂದೆ ಪಾರದರ್ಶಕ ಕವಚ ಬಂದಿದ್ದು 2020ರಲ್ಲಿ.

ಸಾರ್ವಜನಿಕರ ಹಣವೂ ಇಲ್ಲಿ ಬಿದ್ದಿದೆ. ಖಾಸಗಿ ಕುಟುಂಬದ ಈ ಟ್ರ್ಯಾಕಿನ ದುರಸ್ತಿಗೆ 2013ರಲ್ಲಿ ಇಂಡಿಯಾನಾ ರಾಜ್ಯ 10 ಕೋಟಿ ಡಾಲರ್‌ವರೆಗಿನ ಬಾಂಡ್‌ಗೆ ಒಪ್ಪಿತು. 2020ರ ಜನವರಿಯಲ್ಲಿ ಹಲ್ಮನ್ ಕುಟುಂಬ ಟ್ರ್ಯಾಕ್, ಸರಣಿ ಎರಡನ್ನೂ ಮಾರಿತು. ಕೊಂಡವರು, 1978ರಲ್ಲಿ ಗೇಟು ಕಾಯುವವರ ವಿರುದ್ಧ ಬಂಡೆದ್ದವರಲ್ಲಿ ಒಬ್ಬರಾದ ಪೆನ್ಸ್ಕೆ. 2025ರಲ್ಲಿ ಅವರ ಕಂಪನಿಯ ಮೂರನೇ ಒಂದು ಪಾಲನ್ನು ಫಾಕ್ಸ್ ಕೊಂಡಿತು. ಆ ವರ್ಷದ ರೇಸ್‌ಗಳನ್ನು ಟಿವಿಯಲ್ಲಿ ತೋರಿಸಿದ್ದೂ ಫಾಕ್ಸೇ. ಮೇ ತಿಂಗಳ ಆ ಹಗರಣದ ನಂತರ, ತೀರ್ಪುಗಾರಿಕೆಯನ್ನು 2026ರ ಸೀಸನ್‌ನಿಂದ ಸ್ವತಂತ್ರ ಮಂಡಳಿಗೆ ಒಪ್ಪಿಸೋದಾಗಿ ಇಂಡಿಕಾರ್ ಪ್ರಕಟಿಸಿತು. ಟ್ರ್ಯಾಕ್, ಸರಣಿ, ತಂಡ ಇದ್ದಲ್ಲೇ ಇವೆ.